ಎಡಗಾಲಿನ ಲಾಳ

ನನಗೆ ಬೈಕ್ ಓಡಿಸುವುದನ್ನು ಕಲಿಸಿದ ಗುರು ಚೆಕ್ ದೇಶದ ಒಬ್ಬ ಸ್ಪೀಡ್‌ವೇ ಸವಾರ. ಬೈಲಹೊಂಗಲದಲ್ಲಿ ತನಗೊಬ್ಬ ಶಿಷ್ಯನಿದ್ದಾನೆಂದು ಆತನಿಗೆ ಇನ್ನೂ ಗೊತ್ತಿಲ್ಲ. ಮೀಸೆ ಮೂಡದ ಮುಖದಿಂದ ತಲೆ ಬೋಳಾಗುವವರೆಗೆ ಅವನ ಓಟಗಳನ್ನೆಲ್ಲ ನಾನು ಮೊಬೈಲಿನಲ್ಲಿ ನೋಡಿದ್ದೇನೆ. ಮಣ್ಣಿನ ದುಂಡು ಮೈದಾನ, ನಾಲ್ವರು ಸವಾರರು, ನಾಲ್ಕು ಸುತ್ತು. ಬೈಕಿಗೆ ಬ್ರೇಕೇ ಇಲ್ಲ. ತಿರುವಿನಲ್ಲಿ ಎಡಗಾಲನ್ನು ನೆಲಕ್ಕೆ ತಾಗಿಸಿ, ಹಿಂದಿನ ಗಾಲಿಯನ್ನು ಜಾರಿಸಿಕೊಂಡೇ ಹೋಗುತ್ತಾನೆ. ಗೆದ್ದದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಭುಜದ ಮೂಳೆ ಮುರಿದರೂ ಮರುವರ್ಷ ಮತ್ತೆ ಹಾಜರು.

ಊರವರ ದನಿಯನ್ನೆಲ್ಲ ಅಣಕಿಸುವ ನಾನು ಅವನ ಕಾಲನ್ನೂ ಅಣಕಿಸಲು ಹೋಗಿ, ಹೊಲದ ದಾರಿಯಲ್ಲಿ ಮೂರು ಸಲ ಬಿದ್ದೆ. ಮೂರನೆಯ ಸಲ ಬೂಟು ಹರಿದು ಹೆಬ್ಬೆರಳು ಹೊರಗಿಣುಕಿತು.

"ಇನ್ನೊಮ್ಮಿ ಬಿದ್ದಿ ಅಂದ್ರ ಗಾಡಿ ಮಾರಿಬಿಡತೇನಿ," ಎಂದ ಅಪ್ಪ.

ಅಡುಗೆಮನೆಗೆ ಹೋಗಿ ಅದನ್ನೇ ಅವನ ದನಿಯಲ್ಲಿ ಹೇಳಿದೆ. ಅವ್ವ ನಕ್ಕಳು. ಪಡಸಾಲೆಯಲ್ಲಿ ಯಾರೂ ನಗಲಿಲ್ಲ.

ಅಷ್ಟರಲ್ಲಿ ರಾಮದುರ್ಗದ ಹತ್ತಿರ, ಪೀಕು ತೆಗೆದ ಹೊಲದಲ್ಲಿ ಹುಡುಗರು ಇಟ್ಟಿದ್ದ ಮಣ್ಣಿನ ರೇಸಿಗೆ ಹೆಸರು ಕೊಟ್ಟಾಗಿತ್ತು. ನನ್ನ ಗುರುವಿನ ಎಡಬೂಟಿಗೆ ಉಕ್ಕಿನ ಅಟ್ಟೆ ಇರುತ್ತದೆ. ಅಂಥದ್ದೇ ಬೇಕೆಂದು ಸಿರಸಂಗಿಯ ಕಂಬಾರ ಕಾಕಾನ ಕುಲುಮೆಗೆ ಹೋದೆ.

"ಎತ್ತಿಗೆ ನಾಕೂ ಕಾಲಿಗೆ ಲಾಳ ಬಡಸ್ತಾರ. ನಿನಗ ಒಂದ ಕಾಲಿಗೆ ಸಾಕೇನೋ?"

"ಇನ್ನಾ ಪೂರಾ ಎತ್ತ ಆಗಿಲ್ರಿ ಕಾಕಾ."

ಮೊಬೈಲ್ ತೋರಿಸಿದೆ. ಒಂದೇ ಓಟವನ್ನು ಮೂರು ಸಲ ನೋಡಿದ.

"ಇವಂಗ ಬ್ರೇಕ್ ಎಲ್ಲೈತಿ?"

"ಇಲ್ರಿ. ನಾನೂ ನಂದು ತಗಸಾಂವ ಅದೇನಿ."

ಕಾಕಾ ಸುತ್ತಿಗೆ ಕೆಳಗಿಟ್ಟ. "ಬ್ರೇಕ್ ತಗದ್ರ ಲಾಳ ಇಲ್ಲ. ಇಂವಾ ಸಣ್ಣಾಂವ ಇದ್ದಾಗಿಂದ ಇದನ್ನ ಮಾಡ್ಯಾನ. ನೀ ಮೊನ್ನೆ ನೋಡೀದಿ."

ಒಪ್ಪಿಕೊಂಡೆ. ಆಗ ಇದ್ದಿಲಿನಿಂದ ನನ್ನ ಪಾದದ ಅಳತೆ ತೆಗೆದು, ಹೊಲ ಹರಗುವ ಕುಂಟೆಯ ಸವೆದ ಕಬ್ಬಿಣದ ಕುಡವನ್ನು ಕಾಯಿಸಿ ಬಡಿದ. ಮಣ್ಣಿಗೆ ಕಚ್ಚದಂತೆ ತುದಿಯನ್ನು ಮೇಲಕ್ಕೆ ಬಾಗಿಸಿದ. ನನ್ನ ಕಾಲಿಗೆ ಅಷ್ಟು ಗಮನ ಕೊಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ರೇಸಿನಲ್ಲಿ ಮೂರು ಸುತ್ತು ಲಾಳ ಮಣ್ಣನ್ನು ಸವರಿಕೊಂಡು ಹೋಯಿತು. ಎರಡನೆಯವನ ಬೆನ್ನಿಗಿದ್ದೆ. ಕೊನೆಯ ತಿರುವಿನಲ್ಲಿ ಹಿಂದಿನ ಗಾಲಿ ನನ್ನ ಮಾತು ಮೀರಿ ಅಡ್ಡ ಹೊರಳಿತು. ಹಗ್ಗದಾಚೆ, ಟ್ರ್ಯಾಕ್ಟರಿನ ಮರೆಯಲ್ಲಿ ಬಿಳಿ ಟೋಪಿ ಕಂಡಿತು. ಸವದತ್ತಿ ಸಂತೆಗೆ ಹೋಗುತ್ತೇನೆಂದು ಬೆಳಿಗ್ಗೆ ಹೊರಟಿದ್ದ ಅಪ್ಪ! ನನ್ನ ಬಲಗಾಲು ನನ್ನನ್ನು ಕೇಳದೇ ಬ್ರೇಕ್ ಒತ್ತಿತು.

"ಸ್ಟಾಪ್ ಬಂತಂತ ಬಸ್ ನಿಂದ್ರಿಸ್ಯಾನ್ ನೋಡ್ರಿ, ಯಾರರ ಇಳಿಯಾವ್ರ ಅದೀರೇನ್?" ಎಂದು ಮೈಕಿನವನು ಕೂಗಿದ. ಹೊಲವೆಲ್ಲ ನಕ್ಕಿತು. ನಾಲ್ವರಲ್ಲಿ ನಾಲ್ಕನೆಯವನಾದೆ. ಗುರು ನೋಡಿದ್ದರೆ ಹೆಲ್ಮೆಟ್ಟಿನೊಳಗೇ ಮುಖ ಮುಚ್ಚಿಕೊಳ್ಳುತ್ತಿದ್ದ. ಆದರೆ ನಾನು ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಬೈಕಿನ ಹಿಂದೆ ತಾನೇ ಹತ್ತಿ ಕುಳಿತ. "ಸಿರಸಂಗಿಗೆ ನಡಿ."

ಕಾಕಾ ಲಾಳವನ್ನು ತಿರುಗಿಸಿ ನೋಡಿದ. "ಒಳಗಿನ ಅಂಚಷ್ಟ ಸವದೈತಿ. ಹೆದರಿ ಒತ್ತೀದಿ. ಬ್ರೇಕ್ ಹಿಡದ್ಯಾ?"

"ಹಿಡದ್ನಿರಿ."

"ಶಾಣ್ಯಾ."

ಅಪ್ಪ ನನ್ನ ಬಲಬೂಟಿನತ್ತ ಬೆರಳು ತೋರಿಸಿದ. "ಬಲಗಾಲಿಗೂ ಒಂದ ಮಾಡಿಕೊಡ್ರಿ. ಮುಂದಿನ ಸಲಕ್ಕ ಬೇಕಾಗತೈತಿ."

"ಬ್ಯಾಡ್ರಿ ಅಣ್ಣಾರ. ಬ್ರೇಕ್ ಒತ್ತೂ ಕಾಲ ಹಗರ ಇರ್ಲಿ," ಎಂದ ಕಾಕಾ, ಲಾಳವನ್ನು ಮತ್ತೆ ಬೆಂಕಿಗಿಡುತ್ತ.

ಕಾಕಾನ "ಶಾಣ್ಯಾ", ಮೈಕಿನವನ ಕೂಗು, ಅರ್ಥವಾಗದ ಚೆಕ್ ಕಾಮೆಂಟರಿ, ಎಲ್ಲವೂ ನನ್ನ ಬಾಯಲ್ಲಿ ಸಲೀಸಾಗಿ ಬರುತ್ತವೆ. ಅಪ್ಪ ಅಂದು "ಮುಂದಿನ ಸಲಕ್ಕ" ಎಂದ ದನಿಯೊಂದು ಮಾತ್ರ, ಎಷ್ಟು ಸಲ ಮಾಡಿ ನೋಡಿದರೂ, ಇನ್ನೂ ಬಂದಿಲ್ಲ.