ಪಕ್ಕಾ ಬಣ್ಣದ ಕೋಟು

ಬೀದಿಯ ಕೊನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವವನಿಗೆ ಜನ ಇಟ್ಟ ಹೆಸರು ಪಕ್ಕಾ. ಎರಡು ಮಾತಿಗೊಮ್ಮೆ ಅವನ ಬಾಯಲ್ಲಿ ಬರುವ ಪದವೂ ಅದೇ. ಕೆಲಸ ಮಾತ್ರ ಅಷ್ಟಕ್ಕಷ್ಟೇ. ಯಾವ ಬಟ್ಟೆ ಬಂದರೂ ಅದೇ ಹಂಡೆ, ಅದೇ ಬಣ್ಣ, ಅದೇ ಉಪ್ಪು. ಬಣ್ಣ ಹಿಡಿಯದಿದ್ದರೆ ತಪ್ಪು ಬಟ್ಟೆಯದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಜನ್ಮವಿಡೀ ಅದನ್ನೇ ಹೇಳಿಕೊಂಡು ಹೊಟ್ಟೆ ಹೊರೆದ.

ಅವನ ಬಾಮೈದನಿಗೆ ದೊಡ್ಡ ಹೋಟೆಲಿನ ಬಾಗಿಲು ಕಾಯುವ ಕೆಲಸ ಸಿಕ್ಕಿತು. ಕಪ್ಪು ಕೋಟು ತೊಟ್ಟು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನ ಬಳಿ ಇದ್ದದ್ದು ಮದುವೆಯ ಬಿಳಿ ಹತ್ತಿ ಕೋಟು.

"ತಾ ಇಲ್ಲಿ. ಕಾಗೆಗಿಂತ ಕಪ್ಪು ಮಾಡಿಕೊಡ್ತೀನಿ. ಪಕ್ಕಾ."

ಪಕ್ಕಾನ ಹೆಂಡತಿ ಕೋಟಿನ ಒಳಹೊಲಿಗೆಯಿಂದ ಒಂದೆಳೆ ಕಿತ್ತು ಒಲೆಗೆ ಹಿಡಿದಳು. ಅದು ಬೂದಿಯಾಗಲಿಲ್ಲ, ಕರಗಿ ಗುಂಡಾಯಿತು.

"ಹೊಲಿದಿರೋದು ಪಾಲಿಯೆಸ್ಟರ್ ದಾರದಲ್ಲಿ ಕಣ್ರೀ. ಅದು ಈ ಬಣ್ಣ ಕುಡಿಯಲ್ಲ."

"ಹಂಡೇಲಿ ಬಿದ್ದ ಮೇಲೆ ಕುಡೀದೆ ಎಲ್ಲಿಗೆ ಹೋಗುತ್ತೆ?"

ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಹತ್ತಿಯ ಎಳೆ ನೀರಿನಲ್ಲಿ ಉಬ್ಬಿ ಬಣ್ಣಕ್ಕೆ ಒಳಗೆ ಜಾಗ ಕೊಡುತ್ತದೆ. ಪಾಲಿಯೆಸ್ಟರ್ ಎಳೆಯ ಒಳಗೆಲ್ಲ ಒತ್ತೊತ್ತು. ಅಲ್ಲಿಗೆ ನುಗ್ಗಲು ಬೇರೆಯೇ ಬಣ್ಣ ಬೇಕು, ಆ ಹಂಡೆಯಲ್ಲಿ ಹುಟ್ಟದಷ್ಟು ಕಾವು ಬೇಕು. ಆದರೆ ಹೆಂಡತಿ ಹೇಳಿದ್ದಕ್ಕೆ ಹೌದು ಎನ್ನುವುದು ಹೇಗೆ? ಇಂಥ ಜಂಭ ಕಂಡರೆ ಮೈ ಉರಿಯುತ್ತದೆ.

ಕೋಟು ಕಪ್ಪಾಗಿಯೇ ಎದ್ದಿತು. ಕಾಲರು, ಜೇಬು, ತೋಳು, ಹೊಲಿಗೆ ಇದ್ದಲ್ಲೆಲ್ಲ ಮಾತ್ರ ಬಿಳಿ ಸಾಲು, ದರ್ಜಿ ಆಗತಾನೆ ಸೀಮೆಸುಣ್ಣದಲ್ಲಿ ಗೆರೆ ಎಳೆದಂತೆ. ಬಾಮೈದನಿಗೆ ಅಳುವುದೊಂದು ಬಾಕಿ. ಕೆಲಸಕ್ಕೆ ಸೇರುವುದು ಮರುದಿನವೇ.

"ಈಗ ಇದೇ ಫ್ಯಾಷನ್," ಅಂದ ಪಕ್ಕಾ.

ಗೂಟದಲ್ಲಿ ಅವನದೊಂದು ಕಪ್ಪು ಕೋಟು ನೇತಾಡುತ್ತಿತ್ತು. ತನ್ನ ಹಂಡೆಯನ್ನು ತಾನೇ ನಂಬದೆ ಅಂಗಡಿಯಲ್ಲಿ ಕೊಂಡದ್ದು. ಹೆಂಡತಿ ಅದನ್ನು ತೆಗೆದು ತಮ್ಮನಿಗೆ ತೊಡಿಸಿದಳು.

"ಆ ಫ್ಯಾಷನ್ ನೀವೇ ಹಾಕ್ಕೊಳ್ಳಿ."

ಹಾಕಿಕೊಂಡ, ಬೇರೆ ಇರಲಿಲ್ಲವಲ್ಲ. ಕೆಲವು ದಿನ ಕಳೆದು, ಬಾಮೈದನ ಹೆಸರಲ್ಲಿ ಪುಕ್ಕಟೆ ಕಾಫಿ ಕುಡಿಯಲು ಅದೇ ಕೋಟಿನಲ್ಲಿ ಎದೆಯುಬ್ಬಿಸಿ ಹೋಟೆಲಿಗೆ ಹೋದ. ಬಾಗಿಲಲ್ಲಿದ್ದ ಬಾಮೈದ ಕೈ ಅಡ್ಡ ಹಿಡಿದ.

"ಬಾವ, ಬೇಜಾರು ಮಾಡ್ಕೋಬೇಡಿ. ಬಟ್ಟೆ ಸರಿ ಇಲ್ಲದವರನ್ನ ಒಳಗೆ ಬಿಟ್ರೆ ನನ್ನ ಕೆಲಸ ಹೋಗುತ್ತೆ."

ಒಳಗೆ ಹೋಗುತ್ತಿದ್ದವರು ಅವನ ಬಿಳಿ ಗೆರೆಗಳನ್ನು ನೋಡಿಕೊಂಡೇ ಹೋದರು.

"ಬಟ್ಟೆ ಸರಿಯಾಗೇ ಇದೆ ಕಣೋ," ಅಂದ ಪಕ್ಕಾ, ಬಾಗಿಲಾಚೆ ನಿಂತು. "ದಾರದ್ದೇ ತಪ್ಪು."