ಕೇಳಿ ನಡೆದ ದಾರಿ

ಕೋರ್ಟಿನ ಮೆಟ್ಟಿಲು ಹತ್ತಿಸಬೇಡಪ್ಪ ಎಂದು ದಿನಾ ದೇವರಲ್ಲಿ ಬೇಡಿಕೊಳ್ಳುವವಳು ನಾನು. ಅವನು ನಡೆಸಿಕೊಟ್ಟಿದ್ದಾನೆ. ನಾನು ಕಾನೂನು ಕೇಳಲು ಹೋಗಿದ್ದು ನಮ್ಮೂರ ದೇವಸ್ಥಾನದ ಊಟದ ಹಾಲ್‌ಗೆ. ಅದಕ್ಕೆ ಮೆಟ್ಟಿಲೇ ಇಲ್ಲ.

ತಿಂಗಳಿಗೊಂದು ಭಾನುವಾರ ಅಲ್ಲಿ ಕಾನೂನು ಓದುವ ಮಕ್ಕಳು ಬಂದು ಪುಕ್ಕಟೆ ಸಲಹೆ ಕೊಡುತ್ತಾರೆ. ವಕೀಲಿಕೆ ಕಲಿಯಲು ಅವರಿಗೆ ನಿಜವಾದ ತಕರಾರು ಬೇಕು. ನಮ್ಮ ಸೋಮವಾರಪೇಟೆ ಕಡೆ ಅದು ಮಳೆ ಕೈಕೊಟ್ಟ ವರ್ಷವೂ ಬರುವ ಬೆಳೆ.

ನನ್ನ ತಕರಾರು ಒಂದು ಗೇಟಿನದು. ನಮ್ಮ ಮನೆಯಿಂದ ಗುಡ್ಡದ ಈಶ್ವರನ ಗುಡಿಗೆ ಧರ್ಮಪ್ಪ ಮಾವನ ಕಾಫಿ ತೋಟದ ನಡುವೆ ಕಾಲುದಾರಿ. ಮಾವ ಎಂದರೆ ನೆಂಟರಲ್ಲ, ಕೆಳಗಿನ ಮನೆಯವರು; ಕರೆದು ರೂಢಿ. ಇಪ್ಪತ್ತಾರು ವರ್ಷ ಪ್ರತಿ ಸೋಮವಾರ ಅದೇ ದಾರಿಯಲ್ಲಿ ಹೋಗಿ ದೀಪ ಹಚ್ಚಿದ್ದೇನೆ. ಈ ಸಲ ಕಾಫಿ ಹೂವಾದ ವಾರ ಮಾವ ಗೇಟು ನಿಲ್ಲಿಸಿ ಬೀಗ ಹಾಕಿದರು. ರಸ್ತೆ ಸುತ್ತಿ ಹೋಗೋಣವೆಂದರೆ ಎರಡು ಮೈಲಿ ಏರು. ನನ್ನ ಮಂಡಿ ಅರ್ಧ ಮೈಲಿಗೇ ಸಾಕೆನ್ನುತ್ತದೆ. ಐದು ಸೋಮವಾರ ದೀಪ ತಪ್ಪಿತು.

ಬೀಗದ ಕಾರಣವನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ನಾವು ಎರಡು ರೂಮನ್ನು ಹೋಂಸ್ಟೇ ಮಾಡಿದೆವು. ದುಬಾರೆಯಲ್ಲಿ ಆನೆ ನೋಡಿ ಬಂದವರಿಗೆ ಆಮೇಲೆ ಏನು ತೋರಿಸುವುದು? ಆ ದಾರಿ ಹಿಡಿಯಿರಿ, ಗುಡಿ ಚೆನ್ನಾಗಿದೆ ಎಂದು ನಾನೇ ಕಳಿಸಿದೆ. ಭಕ್ತಿ ಬರಲಿ ಎಂಬ ಆಸೆ. ಈ ಸಲ ಬಂದವರು ಹೂಬಿಟ್ಟ ಕಾಫಿ ಕೊಂಬೆ ಮುರಿದು ತಲೆಗೆ ಸುತ್ತಿಕೊಂಡು ಫೋಟೋ ತೆಗೆಸಿಕೊಂಡು ಬಂದರು. ಫೋಟೋಗಳು ಚೆನ್ನಾಗಿ ಬಂದಿದ್ದವು.

ನನ್ನ ಮಾತು ಬರೆದುಕೊಂಡವಳು ದೀಕ್ಷಾ, ಸಂಪಾಜೆ ಕಡೆಯ ಹುಡುಗಿ. ಅವರಲ್ಲೊಂದು ಕ್ರಮವಿದೆ: ಹೇಳಿದ್ದನ್ನೆಲ್ಲ ಬರೆದು, ನಮಗೇ ಓದಿ ಹೇಳಿ, ಸರಿ ಎಂದ ಮೇಲೆ ಸಹಿ ಹಾಕಿಸಿ, ಹಿಂದೆ ಕುಳಿತ ಮೇಷ್ಟರಿಗೆ ತೋರಿಸಬೇಕು. ಅವರು ಒಪ್ಪುವ ತನಕ ಸಲಹೆ ಬಾಯಿಂದ ಹೊರಡುವಂತಿಲ್ಲ. ಇದನ್ನು ನಮ್ಮ ಮನೆಯಲ್ಲೂ ಜಾರಿಗೆ ತರುವ ಯೋಚನೆಯಿದೆ.

"ಇಷ್ಟು ವರ್ಷ ಓಡಾಡಿದ್ದು ಅವ್ರನ್ನ ಕೇಳಿನಾ ಆಂಟಿ, ಸುಮ್ನೇನಾ?"

ಸುಮ್ಮನೇ ಎಂದೆ. ಹುಡುಗಿಯ ಮುಖ ಅರಳಿತು. ಇನ್ನೊಬ್ಬರ ಜಾಗದಲ್ಲಿ ಇಪ್ಪತ್ತು ವರ್ಷ ಎಲ್ಲರಿಗೂ ಕಾಣುವಂತೆ, ಯಾರೂ ತಡೆಯದೆ, ನನ್ನದೇ ದಾರಿ ಎಂಬಂತೆ ನಡೆದರೆ ಹಕ್ಕು ಬರುತ್ತದಂತೆ. ಅವರ ಒಪ್ಪಿಗೆ ಪಡೆದು ನಡೆದರೆ ಐವತ್ತು ವರ್ಷವಾದರೂ ಬರುವುದಿಲ್ಲವಂತೆ. ಕೇಳದೆ ಹೂ ಕಿತ್ತರೆ ಪೂಜೆಯ ಪುಣ್ಯ ಗಿಡದ ಯಜಮಾನನಿಗೆ ಎಂದು ಕೇಳಿ ಬೆಳೆದವಳು ನಾನು. ಕೇಳಿದವರಿಗೇ ನಷ್ಟವಾಗುವ ಶಾಸ್ತ್ರ ಹೊಸದು. ಆದರೆ ನನಗೆ ಅನುಕೂಲವಾಗಿತ್ತು, ಚರ್ಚೆ ಮಾಡಲಿಲ್ಲ.

"ಯಾರ ಒಪ್ಪಿಗೆಯನ್ನೂ ಕೇಳದೆ," ಎಂದು ಅವಳು ಓದಿ ಪೆನ್ನು ಕೊಟ್ಟಳು.

ಆಗ ನೆನಪಾಯಿತು. ಮದುವೆಯಾದ ಮೊದಲ ಸೋಮವಾರ ಅತ್ತೆ ನನ್ನನ್ನು ಧರ್ಮಪ್ಪ ಮಾವನ ಜಗಲಿಗೆ ಕರೆದೊಯ್ದಿದ್ದರು. ಹೊಸ ಸೊಸೆ ಇನ್ನೊಬ್ಬರ ತೋಟದಲ್ಲಿ ಕಾಲಿಡುವ ಮೊದಲು ಆ ಮನೆಗೆ ಎಲೆ ಅಡಿಕೆ ಕೊಟ್ಟು ಕೇಳಿಬರಬೇಕೆಂಬುದು ಅವರ ಪದ್ಧತಿ. ಇನ್ನುಮೇಲೆ ಇವಳು ಬರಬಹುದೇ ಎಂದು ಅತ್ತೆ ಕೇಳಿದರು. ಬರಲಿ ಎಂದರು ಮಾವ.

ಅತ್ತೆ ಈಗಿಲ್ಲ. ಮಾವನಿಗೆ ನೆನಪಿದೆಯೋ ಇಲ್ಲವೋ. ಸಹಿ ಹಾಕಿದರೆ ದೀಪಕ್ಕೆ ದಾರಿಯಾದೀತು. ಅಷ್ಟರಲ್ಲಿ ಗೋಡೆಯಾಚೆ ಗಂಟೆ ಹೊಡೆಯಿತು. ಅದು ಮಂಗಳಾರತಿಯ ಹೊತ್ತು, ದಿನಾ ಹೊಡೆಯುತ್ತದೆ. ಆದರೂ.

"ಕೇಳಿದ್ವಿ ಮಗ," ಎಂದೆ.

ದೀಕ್ಷಾ ಅದನ್ನೂ ಬರೆದಳು, ಸ್ವಲ್ಪ ಸಣ್ಣ ಅಕ್ಷರದಲ್ಲಿ. ಮೇಷ್ಟರು ಓದಿ, "ಅವತ್ತು ಕೇಳಿದ್ರಿ. ಗೆಸ್ಟುಗಳನ್ನ ಕಳಿಸುವಾಗ?" ಎಂದರು. ನಾನು ಬಳೆ ಸರಿಮಾಡಿಕೊಂಡೆ. ಕೇಸು ನಿಲ್ಲುವುದು ಕಷ್ಟ ಎಂದು ಹೇಳಿ, ಅವಳ ಕೈಯಲ್ಲೇ ಸಲಹೆ ಬರೆಸಿದರು: ಹೋಗಿ ಕೇಳುವುದು. ಇದನ್ನು ಕಲಿಯಲು ಐದು ವರ್ಷದ ಕೋರ್ಸು.

ಸಂಜೆ ಎಲೆ ಅಡಿಕೆ ಹಿಡಿದು ಹೋದೆ. ಮಾವ ಜಗಲಿಯಲ್ಲೇ ಇದ್ದರು.

"ಈಗ ಬಂದ್ಯೇನವ್ವ? ಐದು ವಾರದಿಂದ ನೋಡ್ತಾ ಇದೀನಿ, ಒಂದು ಮಾತು ಆಡ್ತಾಳೇನೋ ಅಂತ."

"ತಪ್ಪಾಯ್ತು ಮಾವ. ಅವ್ರನ್ನ ಇನ್ನು ಕಳ್ಸಲ್ಲ. ನಾನೊಬ್ಳು ಬರ್ಬೌದಾ?"

ಅವರು ಒಳಗೆ ಹೋಗಿ ಬೀಗದ ಕೈ ತಂದುಕೊಟ್ಟರು. "ಗೇಟು ಹಾಕೋದು ಮರೀಬೇಡ, ದನ ನುಗ್ತವೆ."

ಮುಂದಿನ ತಿಂಗಳು ದೀಕ್ಷಾ ತನ್ನ ಫೈಲಿಗಾಗಿ ಏನಾಯಿತೆಂದು ವಿಚಾರಿಸಿದಳು. ಹೇಳಿದೆ. ಅವಳು ಪೆನ್ನಿನ ತುದಿ ಕಚ್ಚಿ ಯೋಚಿಸಿದಳು.

"ಮತ್ತೆ ಒಪ್ಪಿಗೆ ತಗೊಂಡ್ಬಿಟ್ರಾ ಆಂಟಿ? ಇನ್ನು ನಿಮಗೆ ಹಕ್ಕು ಬರೋದೇ ಇಲ್ಲ."

ಬೇಜಾರು ಮಾಡಿಕೊಳ್ಳಬೇಡ ಎಂದು ಅವಳಿಗೆ ಕಾಫಿ ಕೊಟ್ಟೆ. ಮಾರನೆಯ ದಿನ ಸೋಮವಾರ. ನನ್ನ ಹತ್ತಿರ ಹಕ್ಕಿರಲಿಲ್ಲ, ಬೀಗದ ಕೈ ಇತ್ತು.