ರಕ್ತ ತೆಗೆಯುವ ಗುಲಾಬಬಿ, ರೊಟ್ಟಿ ಬಿಟ್ಟ ಸುಮಿತ್ರವ್ವ

ಬೆಳಕು ಹರಿಯುವ ಹೊತ್ತಿಗೆ ಗುಲಾಬಬಿ ಶಿಗ್ಲಿಯ ನೇಕಾರರ ಓಣಿಯಲ್ಲಿದ್ದಾರೆ. ಹೆಗಲಿಗೆ ಐಸ್ ತುಂಬಿದ ಡಬ್ಬಿ, ಕೈಯಲ್ಲಿ ಸೂಜಿಯ ಚೀಲ. ಲಕ್ಷ್ಮೇಶ್ವರದ ಸಣ್ಣ ಲ್ಯಾಬೊಂದಕ್ಕೆ ಮನೆಮನೆ ತಿರುಗಿ ರಕ್ತ ತಂದುಕೊಡುವುದು ಅವರ ಕೆಲಸ. ದಿನಕ್ಕೆ ಹತ್ತು-ಹನ್ನೆರಡು ಮನೆ. ವರದಿಯ ಕೆಳಗಿನ ಸಹಿ ಇನ್ನೊಬ್ಬರದು. ಚುಚ್ಚಿದ್ದಕ್ಕೆ ಸಿಗುವ ಬೈಗುಳ ಮಾತ್ರ ಪೂರಾ ಇವರಿಗೇ.

"ನನ್ನ ಕಂಡ್ರ ಹುಡುಗ್ರು ಮಂಚದ ಬುಡಕ ಹೊಕ್ಕೊಂತಾವ್ರಿ" ಎಂದು ನಗುತ್ತಾರೆ.

ಹತ್ತನೇ ತರಗತಿ ಮುಗಿಸಿ, ಗದಗಿನಲ್ಲಿ ತರಬೇತಿ ಪಡೆದು ಈ ಕೆಲಸ ಹಿಡಿದವರು. ಬಸ್ಸು ತಪ್ಪಿದರೆ ನಡಿಗೆ, ಮಳೆ ಬಂದರೆ ತಲೆಗಿಂತ ಮೊದಲು ಡಬ್ಬಿಗೆ ಕೊಡೆ.

ಇವತ್ತಿನ ಮೊದಲ ಮನೆ ಸುಮಿತ್ರವ್ವನದು. ಕೀಲುವಾತದಿಂದ ಬೆರಳು ಊದಿ ಮಗ್ಗ ನಿಂತಿದೆ. ಮಗ್ಗ ನಿಂತರೆ ಆಕೆಗೆ ಮನೆಯೇ ನಿಂತಂತೆ. ರೋಗ ತಡೆಯಬೇಕಾದ ಮೈಯ ಕಾವಲುಗಾರರೇ ಸೊಕ್ಕಿ ನಿನ್ನ ಕೀಲು ಕಡಿಯುತ್ತಿದ್ದಾರೆ ಎಂದು ಗುಲಾಬಬಿ ಹೋದ ತಿಂಗಳು ಹೇಳಿದ್ದರು. ಸುಮಿತ್ರವ್ವ ಅದಕ್ಕೊಂದು ಉಪಾಯ ಹುಡುಕಿದ್ದಾರೆ. ವೈದ್ಯರು ಕೊಟ್ಟ ಗುಳಿಗೆ ಬಿಟ್ಟು, ರೊಟ್ಟಿ ಬಿಟ್ಟು, ಬರೀ ಗಂಜಿ!

"ಕೂಳ ಹಾಕಿದ್ದಕ್ಕ ಸೊಕ್ಕ ಬಂದೈತಿ ಅವಕ್ಕ. ಅದಕ ಬಂದ್ ಮಾಡೀನಿ."

ಗುಲಾಬಬಿಗೆ ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ಡಬ್ಬಿ ಇಳಿಸಿ ನೆಲಕ್ಕೆ ಕೂರುತ್ತಾರೆ.

"ಯಕ್ಕಾ, ಆ ಕಾವಲುಗಾರ್ರು ಎಲ್ಲಾರೂ ಕಡಿಯೋರ ಇರಂಗಿಲ್ಲ. 'ಇದು ನಮ್ಮ ಮನೀನ, ಸುಮ್ನಿರು' ಅಂತ ಹಿಡದ ನಿಲ್ಲಸೋರೂ ಅದರಾಗ ಇರತಾರ. ನಿನ್ನ ಮೈಯಾಗ ಅವರ ಕೈ ಸೋತೈತಿ. ಅದಕ ಗುಳಿಗಿ ಕೊಟ್ಟಾರ. ಉಪಾಸ ಮಾಡಿದ್ರ ಸೊರಗಾಕಿ ನೀನ."

ಹಾಗೆ ಹಿಡಿದು ನಿಲ್ಲಿಸುವವಕ್ಕೆ ವೈದ್ಯರು ನಿಯಂತ್ರಕ ಟಿ ಕೋಶಗಳು ಎನ್ನುತ್ತಾರೆ. ರೋಗಾಣುಗಳ ಮೇಲೆ ಬೀಳಬೇಕಾದ ಕೋಶಗಳು ಸ್ವಂತ ಮೈಮೇಲೆ ಎರಗದಂತೆ ತಡೆಯುವುದು, ಸೋಂಕು ಹೋದ ಮೇಲೆ ಉರಿಯೂತ ಆರಿಸುವುದು ಅವುಗಳ ಪಾಲಿನ ಕೆಲಸ. ಅವು ಸೋತಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಗೆದ್ದಾಗ ಮಾತ್ರ ಅವು ಇದ್ದದ್ದೇ ಯಾರಿಗೂ ತಿಳಿಯುವುದಿಲ್ಲ.

"ತಪ್ಪ ನಂದರಿ" ಎನ್ನುತ್ತಾರೆ ಗುಲಾಬಬಿ, ನಮ್ಮತ್ತ ತಿರುಗಿ. "ಹೋದ ತಿಂಗಳ ಬಸ್ ತಪ್ಪತೈತಂತ ಅರ್ಧಾ ಹೇಳಿ ಓಡಿದ್ನಿ."

ಇವತ್ತು ಹೊರಗೆ ಬಸ್ಸು ಹಾರ್ನ್ ಹೊಡೆದು ಹೋಗುತ್ತದೆ. ಅವರು ಏಳುವುದಿಲ್ಲ. ರಕ್ತ ತೆಗೆದು, ವೈದ್ಯರಿಗೆ ಫೋನ್ ಹಚ್ಚಿ ಸುಮಿತ್ರವ್ವನ ಕಿವಿಗೇ ಹಿಡಿಯುತ್ತಾರೆ. ಗುಳಿಗೆ ಮತ್ತೆ ಶುರು ಮಾಡಬೇಕು, ಹೊಟ್ಟೆತುಂಬ ಉಣ್ಣಬೇಕು ಎಂದು ಅತ್ತಲಿಂದ ಅಪ್ಪಣೆಯಾಗುತ್ತದೆ. ಸುಮಿತ್ರವ್ವ ಒಲ್ಲದ ಮನಸ್ಸಿನಿಂದ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆಯುತ್ತಾರೆ. ಬೆರಳು ಮಡಚುವುದಿಲ್ಲ. ಗುಲಾಬಬಿಯೇ ರೊಟ್ಟಿ ಮುರಿದು, ಪಲ್ಯ ಹಚ್ಚಿ ಕೈಗಿಡುತ್ತಾರೆ.

ಹೊರಗೆ ಬಂದು ಡಬ್ಬಿ ಹೆಗಲಿಗೇರಿಸುತ್ತಾ ಗುಲಾಬಬಿ ನಮಗೆ ಹೇಳುತ್ತಾರೆ.

"ನಮ್ಮವ್ವಗೂ ಇದ ಬ್ಯಾನಿ ಇತ್ರಿ. ವಾಯು ಅಂತ ಎಣ್ಣಿ ತಿಕ್ಕಿದ್ವಿ. ಕಡೀತನಕ ನಾನ ರೊಟ್ಟಿ ಮುರದ ತಿನ್ನಿಸಿದ್ನಿ. ಈಕಿ ತನ್ನ ಕೈಲೆ ಮುರಕೊಂಡ ಉಂಡ್ರ ಸಾಕ್ರಿ, ನಂಗ ಮತ್ತೇನೂ ಬ್ಯಾಡ."